ನೀರಡಿಯ ಸರಪಳಿಗೆ ರೇವಪ್ಪನ ಕಾವಲು

ಜನವರಿಯ ಮುಂಜಾವು. ಮಂಜೀರಾ ಹಿನ್ನೀರಿನ ಮೇಲೆ ಮಂಜು ಕವಿದಿದ್ದು ಆಚೆ ದಡ ಕಾಣುತ್ತಿಲ್ಲ. ಸಣ್ಣ ದೋಣಿಯೊಂದರಲ್ಲಿ ನಿಂತ ರೇವಪ್ಪ ಅಂಗಿ ಕಳಚಿ ಮಡಚಿಡುತ್ತಾರೆ. ಕೊರಳಲ್ಲಿರುವ ಲಿಂಗದ ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದು, ಮೇಲೊಂದು ಬಟ್ಟೆ ಬಿಗಿಯಾಗಿ ಸುತ್ತಿ ಗಂಟು ಹಾಕುತ್ತಾರೆ. ಆಮೇಲೆ ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಎದುರು ಕೂತ ಬಾಲಮಣಿಯವರ ಕೈಯಲ್ಲಿದೆ.

“ಒಮ್ಮಿ ಜಗ್ಗಿದ್ರ ಸಡ್ಲ ಬಿಡು. ಎರಡು ಸಲ ಜಗ್ಗಿದ್ರ ಎಳಿ.”

“ಗೊತ್ತದ ಅಣ್ಣ. ದಿನಾ ಅದೇ ಹೇಳ್ತಿ.”

ರೇವಪ್ಪ ಸದ್ದಿಲ್ಲದೆ ನೀರಿಗಿಳಿಯುತ್ತಾರೆ. ಇಲ್ಲಿ ನೀರು ಎರಡಾಳು ಆಳ. ತಳ ಪೂರ್ತಿ ಎರೆಮಣ್ಣಿನ ಕೆಸರು. ಮೊಳದಾಚೆ ಏನೂ ಕಾಣದ ಕಾರಣ ಕಣ್ಣು ಮುಚ್ಚಿಕೊಂಡೇ ಕೈಯಾಡಿಸುತ್ತಾರೆ. ಹಗ್ಗ ಎರಡು ಸಲ ಅಲುಗುತ್ತದೆ. ಬಾಲಮಣಿ ಎಳೆಯುತ್ತಾರೆ. ಮೇಲೆ ಬಂದ ರೇವಪ್ಪನ ಕೈಯಲ್ಲಿ ಪಾಚಿಗಟ್ಟಿದ ನೀಲಿ ನೈಲಾನ್ ಹಗ್ಗ, ಅದರ ತುದಿಗೆ ಕಪ್ಪಗಾಗಿ ನಾರುವ ಸರಪಳಿಯ ತುಂಡು.

ಇದನ್ನು ತೆಗೆಯಿರಿ ಎಂದು ಅವರಿಗೆ ಹೇಳಿದವರು ಯಾರೂ ಇಲ್ಲ.

ತೆಲಂಗಾಣದ ಗಡಿಯಂಚಿನ ನ್ಯಾಲ್ಕಲ್ ಕಡೆಯ ಈ ದೋಣಿಕಟ್ಟೆಯಲ್ಲಿ ರೇವಪ್ಪ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದೋಣಿ ಕಾದವರು. ಅಪ್ಪನ ಹೊಲ ಅಣ್ಣತಮ್ಮಂದಿರ ನಡುವೆ ಹರಿದು ಹಂಚಿಹೋದಾಗ, ಬಾವಿಯಲ್ಲಿ ಕಲಿತ ಈಜು ಕೈಹಿಡಿಯಿತು. ಆಗ ಇಲ್ಲಿ ಇದ್ದದ್ದು ಆಚೆ ದಡದ ಸಿರ್ಗಾಪುರ, ನಾರಾಯಣಖೇಡದ ಕಡೆಗೆ ಜನರನ್ನು ದಾಟಿಸುವ ದೋಣಿ ಮಾತ್ರ. ಮುಂದೊಂದು ಕಾಲಕ್ಕೆ ಪಟ್ಟಣದ ಒಬ್ಬರು ಬಂದು ಕಾಲಲ್ಲಿ ತುಳಿಯುವ ಬಣ್ಣದ ದೋಣಿಗಳನ್ನು ಇಳಿಸಿದರು. ತಾಂಡೂರಿನ ಬಂಡೆಗಳನ್ನು ಕಟ್ಟುಕಟ್ಟಿ ತಳಕ್ಕೆ ಬಿಟ್ಟು, ಅವಕ್ಕೆ ಸರಪಳಿ, ಸರಪಳಿಗೆ ಹಗ್ಗ, ಹಗ್ಗದ ತುದಿಗೆ ತೇಲುವ ಪ್ಲಾಸ್ಟಿಕ್ ಡಬ್ಬಿ ಕಟ್ಟಿ ದೋಣಿಗಳಿಗೆ ಲಂಗರು ಮಾಡಿದರು. ಭಾನುವಾರ ಜಹೀರಾಬಾದಿನಿಂದ, ತಾಂಡೂರಿನಿಂದ ಜೀಪು ತುಂಬಿ ಜನ ಬರುತ್ತಿದ್ದರು.

ಆಮೇಲೆ ಪ್ರತ್ಯೇಕ ತೆಲಂಗಾಣದ ಹೋರಾಟ ಕಾವೇರಿತು. ಇವತ್ತು ಬಂದ್, ನಾಳೆ ರಸ್ತೆ ತಡೆ. ಭಾನುವಾರದ ಜನ ನಿಂತುಹೋದರು. ಬಣ್ಣದ ದೋಣಿಯವರು ನೀರಿನ ಮೇಲೆ ಕಂಡದ್ದನ್ನೆಲ್ಲ ಲಾರಿಗೆ ಹೇರಿಕೊಂಡು ಹೋದರು. ನೀರಿನ ಕೆಳಗಿದ್ದದ್ದು ಹಾಗೇ ಉಳಿಯಿತು. ಬಿಸಿಲಿಗೆ ಡಬ್ಬಿಗಳು ಒಡೆದು ಮುಳುಗಿದ ಮೇಲೆ, ಎಲ್ಲೆಲ್ಲಿ ಏನಿದೆ ಎಂದು ತೋರುವ ಗುರುತೂ ಅಳಿಯಿತು.

ಹೋದ ವರ್ಷ ಅದೇ ಹೋರಾಟಕ್ಕಾಗಿ ಎಲ್ಲರೂ ಕೆಲಸ ನಿಲ್ಲಿಸಿದ ‘ಸಕಲ ಜನುಲ ಸಮ್ಮೆ’ಯ ಹೊತ್ತಿಗೆ ಬಸ್ಸುಗಳು ಡಿಪೋ ಬಿಟ್ಟು ಹೊರಡಲಿಲ್ಲ. ಊರು ಸೇರಬೇಕಾದವರೆಲ್ಲ ದೋಣಿಕಟ್ಟೆಗೆ ಬಂದರು. ಒಂದು ಮಧ್ಯಾಹ್ನ ಮೋಡ ಕಟ್ಟಿ ಗಾಳಿ ಎದ್ದಿತು. ಜನ ದೊಡ್ಡ ದೋಣಿಗೆ ಹತ್ತುತ್ತಿದ್ದಾಗಲೇ ಅದನ್ನು ಹಿಡಿದಿದ್ದ ಸರಪಳಿ ಹರಿಯಿತು. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ದೋಣಿಯೊಳಗೆ ಇಟ್ಟಿದ್ದ ಮುದುಕಿ ನೀರಿಗೆ ಬಿದ್ದಳು. ಮೊದಲೇ ಹತ್ತಿ ಕೂತಿದ್ದ ಮಕ್ಕಳನ್ನು ಹೊತ್ತು ದೋಣಿ ದಡ ಬಿಟ್ಟು ಸರಿಯಿತು.

ಹುಟ್ಟು ಹಾಕುವ ಹಣಮಯ್ಯ, ಬಾಲಮಣಿಯವರ ಗಂಡ, ಕೂಡಲೇ ನೀರಿಗೆ ಹಾರಿದರು. ಮುದುಕಿಯನ್ನು ಎತ್ತಿ ದಡದವರ ಕೈಗೆ ಕೊಟ್ಟು, ದೋಣಿಯ ಹಿಂದೆ ಈಜಿದರು. ಅದನ್ನು ಹಿಡಿದು, ಆಪುಹುಲ್ಲು ದಟ್ಟವಾಗಿ ಬೆಳೆದ ಕಡೆಗೆ ನೂಕಿ ನಿಲ್ಲಿಸಿದ್ದೂ ಆಯಿತು. ಮಕ್ಕಳು ಉಳಿದವು. ಹಣಮಯ್ಯ ಮಾತ್ರ ಮೇಲೆ ಬರಲಿಲ್ಲ.

ಕೆಳಗಿಳಿದು ಅವರನ್ನು ಮೊದಲು ಮುಟ್ಟಿದ್ದು ರೇವಪ್ಪ. ಅದನ್ನು ಹೇಳುವಾಗ ಅವರು ತಲೆ ಎತ್ತುವುದಿಲ್ಲ. “ಕೈಗಿ ಅವನ ಕಾಲು ಸಿಕ್ತುರಿ. ಹಳೀ ನೈಲಾನ್ ಹಗ್ಗ ಸುತ್ಕೊಂಡಿತ್ತು. ಬಿಚ್ಚಾಕ ಹೋದಷ್ಟೂ ಬಿಗಿ ಆಗ್ಲತಿತ್ತು. ಕುಡಗೋಲು ತರಾಕ ಮ್ಯಾಲ ಬಂದೆ. ತಿರಗಿ ಹೋಗೂದ್ರಾಗ ಕಾಲು ಆಡ್ಲತಿದ್ದಿಲ್ಲ.”

ಹರಿದ ಸರಪಳಿಯನ್ನು ಮರುದಿನ ಅವರೇ ಎತ್ತಿ ನೋಡಿದರು. ಸಿಹಿನೀರು ಕಬ್ಬಿಣವನ್ನು ಏನು ಮಾಡೀತು ಎಂಬ ಭರವಸೆ ಇಲ್ಲಿ ಎಲ್ಲರಿಗೂ ಇತ್ತು. ಆದರೆ ಹಿನ್ನೀರು ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ಕೆಲವು ತಿಂಗಳು ನೆನೆದು ಕೆಲವು ತಿಂಗಳು ಒಣಗುವ ಕೊಂಡಿಗಳು ಪದರು ಪದರಾಗಿ ಉದುರುತ್ತವೆ; ಕೆಸರಲ್ಲಿ ಹೂತ ಭಾಗ ಕಪ್ಪಾಗಿ ತಿನ್ನಿಸಿಕೊಳ್ಳುತ್ತದೆ. ಆ ಕೊಂಡಿ ಹೊರಗೆ ದಪ್ಪವೇ ಇತ್ತು. ಪಕ್ಕದ ಕೊಂಡಿಗೆ ಉಜ್ಜಿಕೊಳ್ಳುವ ಒಳಮೈ ಮಾತ್ರ ಸವೆದು ತಂತಿಯಷ್ಟಾಗಿತ್ತು.

ಹಣಮಯ್ಯನ ಮಣ್ಣಾದ ಕೆಲವೇ ದಿನಕ್ಕೆ ರೇವಪ್ಪ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಹಿಡಿದು ಕಟ್ಟೆಗೆ ಬಂದರು. ಅದನ್ನು ತಳದಲ್ಲಿ ಎಳೆಯುತ್ತ ಹೋಗುವುದು, ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಮುಳುಗುವುದು. ಸೊಂಟದ ಹಗ್ಗವನ್ನು ದಡದ ಜಾಲಿಗಿಡಕ್ಕೆ ಕಟ್ಟಿಕೊಂಡು ಒಬ್ಬರೇ ಇಳಿಯುತ್ತಿದ್ದರು. ಹೊಟ್ಟೆಪಾಡಿಗೆ ಕಟ್ಟೆಯಲ್ಲಿ ಚಹಾದಂಗಡಿ ಇಟ್ಟಿದ್ದ ಬಾಲಮಣಿ ಅದನ್ನು ನಾಲ್ಕು ದಿನ ನೋಡಿದರು. ಐದನೆಯ ದಿನ ಎದ್ದು ಬಂದು ಗಿಡದಿಂದ ಹಗ್ಗ ಬಿಚ್ಚಿದರು.

“ಒಳಗ ಮನುಷ್ಯಾಗ ಏನಾಗ್ಯದಂತ ಗಿಡಕ್ಕೇನು ಗೊತ್ತಾಗ್ತದಣ್ಣ? ನಾ ಹಿಡೀತೀನಿ,” ಎಂದರಂತೆ.

ಅಂದಿನಿಂದ ಇಬ್ಬರದೂ ಒಂದೇ ದೋಣಿ. ಬೆಳಿಗ್ಗೆ ಹತ್ತು-ಹನ್ನೆರಡು ಮುಳುಗು. ದಮ್ಮು ಸಾಲದ ದಿನ ಅದೂ ಇಲ್ಲ. ಇಷ್ಟರಲ್ಲಿ ಬಂಡೆಕಟ್ಟುಗಳು, ಮುರಿದ ಹುಟ್ಟುಗಳು, ತೇಲುವುದನ್ನೇ ಮರೆತ ಜಾಕೆಟ್ಟುಗಳು, ಮಾರುಗಟ್ಟಲೆ ಹಗ್ಗ ಮೇಲೆ ಬಂದಿವೆ. ಜಂಗು, ಅಂದರೆ ತುಕ್ಕು, ಹಿಡಿದ ಕೊಂಡಿ ಅಂಗೈ ಸೀಳಿದ್ದಕ್ಕೆ ರೇವಪ್ಪ ಸೂಜಿ ಹಾಕಿಸಿಕೊಂಡದ್ದಿದೆ. ಎಡಗಿವಿ ಕೇಳುವುದಿಲ್ಲ. ಹೆಂಡತಿ ಸುಮಿತ್ರಾಬಾಯಿ ರಾತ್ರಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಆ ಕಿವಿಗೆ ಬಿಟ್ಟು ಮುಖ ತಿರುಗಿಸುತ್ತಾರೆ. ಒಮ್ಮೆ ಮಾತ್ರ ಬಾಯಿಬಿಟ್ಟರು: “ಸತ್ತಾಂವ ಹೋಗ್ಯಾನ. ಇವ್ರಿಗಿ ಅಲ್ಲೇನಾರ ಆದ್ರ ನಾ ಯಾರ ಮುಖಾ ನೋಡ್ಲಿರಿ?”

ದೀಪಾವಳಿಯ ನಂತರ ಕಟ್ಟೆಗೆ ಹೊಸ ಗುತ್ತಿಗೆದಾರ ಬಂದ. ರೇವಪ್ಪ ರಾಶಿ ಹಾಕಿದ್ದ ಸರಪಳಿಯನ್ನು ಕಂಡು ಖುಷಿಪಟ್ಟ.

“ಛಲೋನೇ ಅದಲ್ಲ! ಬೆಳ್ಳಿ ಬಣ್ಣ ಹೊಡದು ದೋಣಿಗಿ ಕಟ್ಟು. ಇನ್ನಾ ಎರಡು ವರ್ಷ ನಡೀತದ.”

“ಇದ ಜಂಗು ಒಬ್ಬನ್ನ ತಿಂದದ ಸಾಹೇಬ್ರ. ನಾ ಕಟ್ಟಂಗಿಲ್ಲ.”

“ನೀ ಕಟ್ಟಲಿಲ್ಲಂದ್ರ ಮತ್ತೊಬ್ಬಾಂವ ಕಟ್ತಾನ.”

ಮರುದಿನ ಬೆಳಿಗ್ಗೆ ರೇವಪ್ಪ ಸುತ್ತಿಗೆ ತಂದು ಬಂಡೆಯ ಮೇಲೆ ಕೂತರು. ರಾಶಿಯಲ್ಲಿದ್ದ ಸರಪಳಿಯ ಒಂದೊಂದೇ ಕೊಂಡಿಯನ್ನು ಜಜ್ಜಿ ಮುರಿದರು. ಮಧ್ಯಾಹ್ನದ ಹೊತ್ತಿಗೆ ಯಾರೂ ಎಲ್ಲಿಗೂ ಕಟ್ಟಲಾಗದ ಚೂರುಗಳಷ್ಟೇ ಉಳಿದವು. ಸಂಜೆಗೆ ಅವರ ಕೆಲಸ ಹೋಯಿತು.

ಗುತ್ತಿಗೆದಾರ ಬೇರೆಲ್ಲಿಂದಲೋ ಹಳೆಯದೇ ಸರಪಳಿ ತಂದು, ಬಣ್ಣ ಬಳಿದು ಕಟ್ಟಿಸಿದ. ರೇವಪ್ಪ ಈಗ ಹಗಲೆಲ್ಲ ಜಹೀರಾಬಾದ್ ಕಡೆಯ ಕಬ್ಬಿನ ಗದ್ದೆಗಳಲ್ಲಿ ಕೂಲಿ. ಆದರೆ ಗದ್ದೆಗೆ ಹೋಗುವ ಮೊದಲು ಇಲ್ಲಿಗೆ ಬರುತ್ತಾರೆ. ತಳದ ಹಗ್ಗ ಹೆಕ್ಕಿದ ಮೇಲೆ, ತನ್ನದಲ್ಲದ ದೋಣಿಯ ಕೆಳಗೆ ಮುಳುಗಿ ಅದರ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಮುಟ್ಟಿ ನೋಡುತ್ತಾರೆ. “ಬಣ್ಣ ಕಣ್ಣಿಗಿ ಮೋಸ ಮಾಡ್ತದ್ರಿ. ಬಟ್ಟಿಗಿ ಮೋಸ ಆಗಂಗಿಲ್ಲ,” ಎಂದು ಬೆರಳು ತೋರಿಸುತ್ತಾರೆ. ಉಗುರಿನ ಸಂದಿಗಳಲ್ಲಿ ಜಂಗು ಕೂತುಬಿಟ್ಟಿದೆ.

ಇವತ್ತು ಕೊನೆಯ ಮುಳುಗು ಮುಗಿಸಿ ಬಂದವರ ಮುಖ ಇಳಿದಿದೆ. ದೋಣಿ ನಡೆಸುವ ನಾಗೇಶನ ಹತ್ತಿರ ಹೋಗುತ್ತಾರೆ.

“ಕೆಸರಿನ ಕಡಿ ಒಂದು ಕೊಂಡಿ ಸೋತದಪಾ. ಇವತ್ತು ಮಂದಿನ ಹತ್ತಿಸಬ್ಯಾಡ.”

“ನಾ ಏನ್ ಮಾಡ್ಲಿ ಕಾಕಾ? ಮಾಲಕಗ ಎರಡು ಸಲ ಹೇಳೀನಿ. ಇವತ್ತು ಮತ್ತ ಬಂದ್ ಅದ, ಮಂದಿ ಸುಮ್ನ ಬಿಡ್ತದೇನು?”

ಅವನ ಮಾತು ಸುಳ್ಳಲ್ಲ. ಬಸ್ಸಿಲ್ಲದ ಜನ ಗಂಟುಮೂಟೆ ಹೊತ್ತು ಆಗಲೇ ಕಟ್ಟೆ ತುಂಬಿದ್ದಾರೆ. ಹತ್ತಬೇಡಿ ಎಂದು ರೇವಪ್ಪ ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಹೇಳುತ್ತಾರೆ. ಇಬ್ಬರು ಮೂವರು ಹಿಂದೆ ಸರಿಯುತ್ತಾರೆ. ಉಳಿದವರಿಗೆ ಆಸ್ಪತ್ರೆ ಇದೆ, ಮದುವೆ ಇದೆ, ಸಾವಿನ ಮನೆ ಇದೆ.

ರೇವಪ್ಪ ಎದೆಮಟ್ಟದ ನೀರಿಗಿಳಿದು, ದೋಣಿಯ ಮೂತಿಗೆ ಕಟ್ಟಿದ ಹಗ್ಗವನ್ನು ಬೆನ್ನಿಗೆ ಸುತ್ತಿಕೊಂಡು, ಕೆಸರಲ್ಲಿ ಕಾಲೂರಿ ನಿಲ್ಲುತ್ತಾರೆ. ಗಾಳಿ ದೋಣಿಯನ್ನು ಎಳೆದಾಗ ಹಗ್ಗ ಅವರ ಬೆನ್ನಿಗೆ ಕಚ್ಚುತ್ತದೆ. ಜನ ಒಬ್ಬೊಬ್ಬರಾಗಿ ಹತ್ತುತ್ತಾರೆ. ಕೂಸನ್ನೆತ್ತಿಕೊಂಡ ಹೆಣ್ಣುಮಗಳೊಬ್ಬಳು ಆಸರೆಗೆ ಅವರ ತಲೆಯ ಮೇಲೆ ಕೈಯಿಟ್ಟು ದಾಟುತ್ತಾಳೆ. ಈ ಮನುಷ್ಯ ಚಳಿಯಲ್ಲಿ ಇಲ್ಲಿ ಯಾಕೆ ನಿಂತಿದ್ದಾನೆ ಎಂದು ಯಾರೂ ಕೇಳುವುದಿಲ್ಲ.

ದೋಣಿ ಮಂಜಿನೊಳಗೆ ಹೋದ ಬಳಿಕ ದಡಕ್ಕೆ ಬಂದು, ನಡುಗುತ್ತಲೇ ಅಂಗಿ ತೊಡುತ್ತಾರೆ. ಸಂಜೆ ಜನ ತಿರುಗಿ ಬರುವ ಹೊತ್ತಿಗೆ ಗದ್ದೆಯಿಂದ ಮತ್ತೆ ಇಲ್ಲಿಗೆ ಓಡಿಬರಬೇಕು. ನಿಮಗೇನು ಬೇಕು ಎಂದು ಕೇಳಿದರೆ, ಅಂಗಿಯ ಗುಂಡಿ ಹಾಕುತ್ತ ಹೇಳುತ್ತಾರೆ:

“ಕೆಲಸ ತಿರಗಿ ಕೊಡೂದೂ ಬ್ಯಾಡ್ರಿ. ಒಂದು ಹೊಸಾ ಸರಪಳಿ ತಂದು ಕಟ್ಲಿ. ಮಂದಿ ಹತ್ತೂ ಹೊತ್ತಿನ್ಯಾಗ ನಾ ದಂಡಿಗಿ ಕುಂತು, ಬಾಲಮಣಿ ಕೊಟ್ಟ ಚಹಾ ಬಿಸಿ ಇದ್ದಾಗೇ ಕುಡೀಬೇಕು. ಅಷ್ಟು ಆದ್ರ ಸಾಕು.”