ಬೋರ್ಡಿಗೆ ಕಣ್ಣು ಬರೆದವರು

ಹೊಸೂರಿನ ಹತ್ತಿರದ ನಮ್ಮ ಫ್ಯಾಕ್ಟರಿಯಲ್ಲಿ ಒಬ್ಬ ಹಿರಿಯ ಇಂಜಿನಿಯರ್ ಇದ್ದರು. ತಯಾರಾದ ಬಿಡಿಭಾಗಗಳ ಫೋಟೋ ತೆಗೆಯುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಯಾವ ಕ್ಯಾಮೆರಾ ಜೋಡಿಸಿದೆ, ಅದರ ಚಿತ್ರ ಯಾವ ತಂತಿಗಳಲ್ಲಿ ಬರುತ್ತದೆ ಎಂದು ಬೋರ್ಡಿನೊಳಗಿನ ಕರ್ನಲ್ ಎಂಬ ಮೂಲ ತಂತ್ರಾಂಶಕ್ಕೆ ವಿವರಿಸುವ ಫೈಲು ಬರೆಯುವುದು ಅವರ ಕೆಲಸ. ಕುರ್ಚಿ ಬಿಟ್ಟೆದ್ದು ಆ ಕ್ಯಾಮೆರಾವನ್ನು ನೋಡುವುದು ಅವರ ಘನತೆಗೆ ಕುಂದು. ಯಾರಾದರೂ ನೋಡಿ ಬನ್ನಿ ಎಂದರೆ ಕನ್ನಡಕವನ್ನು ಹಣೆಗೇರಿಸಿ, "ಬೋರ್ಡಿಗೇನ್ಲಾ ಗೊತ್ತು? ನಾನು ಬರ್ದಿದ್ದೇ ಅದ್ಕೆ ಕಣ್ಣು" ಎನ್ನುತ್ತಿದ್ದರು.

ಒಮ್ಮೆ ಆಯುಧಪೂಜೆಯ ರಜೆ ಮುಗಿಸಿ ಬಂದರೆ ಚಿತ್ರಗಳೆಲ್ಲ ಕೆಂಪು. ಇವರು ಮೂರು ದಿನ ಕೂತು ಫೈಲಿನಲ್ಲಿ ಬಣ್ಣದ ಸಾಲುಗಳನ್ನು ತಿದ್ದಿದರು. ಕೆಂಪು ಹೋಗಿ ನೀಲಿಯಾಯಿತು, ನೀಲಿ ಹೋಗಿ ಹಸಿರಾಯಿತು. ಬಿಡಿಭಾಗ ಮಾತ್ರ ಕಾಣಲಿಲ್ಲ.

ಕೊನೆಗೆ ಬಾಗಲೂರಿನಿಂದ ಬರುವ ಆಪರೇಟರ್ ಅಕ್ಕ ಬಗ್ಗಿ ಕ್ಯಾಮೆರಾ ನೋಡಿದರು.

"ಸಾರ್, ಪೂಜೆ ದಿನ ನೀವೇ ಅಲ್ವಾ ಇದ್ರ ಕಣ್ಗೆ ಕುಂಕುಮ ಇಕ್ಕಿದ್ದು?" ಎಂದು ಲೆನ್ಸನ್ನು ಬಟ್ಟೆಯಲ್ಲಿ ಒರೆಸಿದರು.

ಇವರು ಮೂರು ದಿನದ ತಿದ್ದುಪಡಿಯನ್ನೆಲ್ಲ ಅಳಿಸಿದರು. ಚಿತ್ರ ಸರಿಯಾಗಿ ಬಂತು.

ಆ ಫೈಲಿನ ತಲೆಯಲ್ಲಿ ಈಗಲೂ ಒಂದು ಸಾಲಿದೆ: ಬಣ್ಣದ ಗಂಭೀರ ದೋಷವನ್ನು ಪತ್ತೆಹಚ್ಚಿ ನಿವಾರಿಸಲಾಗಿದೆ. ಪಕ್ಕದಲ್ಲಿ ಅವರದೇ ಹೆಸರು.