ಹಿಂದೆ ಕೂತ ಅಂಬಾಸಿಡರ್

ಕೋಟದ ದಾಮೋದರ ವಡೋದರಾಕ್ಕೆ ಬಂದು ಮೂವತ್ತು ವರ್ಷವಾಗಿತ್ತು. ಅವನ ಸಿಟ್ಟು ಮಾತ್ರ ಇನ್ನೂ ಕೋಟದಲ್ಲೇ ಇತ್ತು. ಫತೇಗಂಜ್‌ನ ತನ್ನ ಹೋಟೆಲಿನಲ್ಲಿ ಗಿರಾಕಿಗಳ ಜೊತೆ ಸಲೀಸಾಗಿ ಗುಜರಾತಿ ಆಡುವವನು, ಸಿಟ್ಟು ಬಂತೆಂದರೆ ಅಷ್ಟನ್ನೂ ಮರೆತುಬಿಡುತ್ತಿದ್ದ. ಆಗ ಬಾಯಲ್ಲಿ ಉಳಿಯುವುದು ಊರಿನ ಕನ್ನಡವೊಂದೇ. ಚಟ್ನಿ ನೀರಾದರೂ ಸಾಕಿತ್ತು ಅವನಿಗೆ. ಆದರೆ ಆ ಭಾನುವಾರ ಸಿಟ್ಟಿಗೆ ಕಾರಣವೂ ಇತ್ತೆನ್ನಿ.

ಬ್ಯಾಂಕಿನ ಲಿಂಗರಾಜರ ಮೊಮ್ಮಗಳ ನಾಮಕರಣ. ಊರಿನ ಆ ತುದಿಯ ಮಾಂಜಲ್‌ಪುರಕ್ಕೆ ಮಧ್ಯಾಹ್ನದೊಳಗೆ ಊಟ ಮುಟ್ಟಬೇಕು. ಮುಟ್ಟಿಸುವುದು ದಾಮೋದರನ ಹಳೆಯ ಅಂಬಾಸಿಡರ್. ಹಿಂದಿನ ಅಚ್ಚಿನ ಸ್ಪ್ರಿಂಗ್ ಪ್ಲೇಟುಗಳು ಸೋತುಹೋಗಿ, ಸಾಂಬಾರಿನ ಹಂಡೆ ಏರಿಸಿದರೆ ಕಾರು ಜಗ್ಗುತ್ತಿತ್ತು. ಅದಕ್ಕೇ ಹಿಂದಿನ ದಿನ ದೋಸೆ ಕಾವಲಿಯ ಮುಂದಿನಿಂದಲೇ ಮಗಳು ಪ್ರತೀಕ್ಷಾಳಿಗೆ ಕೂಗಿ ಹೇಳಿದ್ದ: "ಕಾರು ಗ್ಯಾರೇಜಿಗೆ ಬಿಟ್ಟು ಬಾ. ಹಿಂದಿನದ್ದು ಸಮಾ ಕೂರಿಸ್ಲಿಕ್ಕೆ ಹೇಳು."

ಮಾರನೆಯ ಬೆಳಿಗ್ಗೆ ಕಾರು ಬಂತು. ಮೂಗು ಮೇಲೆ, ಬಾಲ ನೆಲಕ್ಕೆ. ಅಂಗಡಿ ಮುಂದೆ ಕುಂಡೆಯೂರಿ ಕೂತ ನಾಯಿಯ ಹಾಗೆ. ಹಾಸ್ಟೆಲಿನ ಹುಡುಗರು ಕಾಫಿ ಬಿಟ್ಟು ಬಂದು, ಕಾಕಾನ ಕಾರಿಗೆ ಈಗ ಹರೆಯ ಬಂತೆಂದು ಫೋಟೊ ತೆಗೆದರು. ಹಂಡೆ ಏರಿಸಿದ್ದೇ ತಡ, ಚಕ್ರ ಮಡ್ಗಾರ್ಡಿಗೆ ಉಜ್ಜಿ ಕಿರುಚಿತು.

ಹಂಡೆ ಇಳಿಸಿ, ಮಗಳನ್ನು ಕೂರಿಸಿಕೊಂಡು ದಾಮೋದರ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ಹಿತೇಶ್‌ಭಾಯಿ ಚಹಾ ಕುಡಿಯುತ್ತಿದ್ದ. ಅವನ ಬುದ್ಧಿ ಹುಲ್ಲು ಮೇಯಲು ಹೋಗಿದೆಯೇ ಎಂದು ದಾಮೋದರ ಕನ್ನಡದಲ್ಲಿ ಗುಡುಗಿದ. ಅದನ್ನು ಗುಜರಾತಿಯಲ್ಲಿ ಹೇಳು ಎಂದು ಮಗಳ ಮೇಲೂ ಗುಡುಗಿದ. ಅವಳಿಗೆ ಅದರಲ್ಲಿ ಅರ್ಥವಾದದ್ದು ಹುಲ್ಲೊಂದೇ. ಅಪ್ಪ ಯಾವುದೋ ಹುಲ್ಲಿನ ವಿಷಯ ಕೇಳುತ್ತಿದ್ದಾರೆ ಎಂದಳು.

ಹಿತೇಶನಿಗೆ ಹುಲ್ಲಿನ ವಿಷಯ ತಿಳಿಯಲಿಲ್ಲ. ಕಾರಿನ ವಿಷಯವಾದರೆ, 'ಪಾಛಳ್‌ಥೀ ಬೇಸಾಡೀ ದೋ', ಹಿಂದುಗಡೆ ಕೂರಿಸಿಬಿಡಿ, ಎಂದವಳು ಮಗಳೇ ಎಂದ. ಕಾಲೇಜು ಹುಡುಗರ ಕಾರುಗಳನ್ನು ನೆಲಕ್ಕೆ ತಗ್ಗಿಸುವುದೇ ಅವನ ದಿನದ ಕೆಲಸ. ಹಾಗಾಗಿ ಎರಡು ಪ್ಲೇಟು ಕಿತ್ತು, ಅಚ್ಚಿನ ಬಳಿ ಕಬ್ಬಿಣದ ಗಟ್ಟಿ ಕೊಟ್ಟು, ಅಂಬಾಸಿಡರನ್ನೂ ಕೂರಿಸಿದ್ದ.

ದಾಮೋದರ ಮಗಳ ಕಡೆ ತಿರುಗಿದ. "ಕೂರಿಸೂದು ಅಂದ್ರೆ ಸಮಾ ಜೋಡಿಸೂದು ಅಂತ ಗೊತ್ತಿಲ್ವಾ ನಿಂಗೆ? ಕನ್ನಡದವಳಾ ನೀನು?"

"ಕೂರಿಸು ಅಂದ್ರಿ, ಕೂತಿದೆ," ಎಂದಳು ಅವಳು. ಅಪ್ಪನದೇ ಮೂಗು, ಅಪ್ಪನದೇ ಸಿಟ್ಟು. "ಪ್ಲೇಟ್ ತಾ, ನೀರಿಡು, ಬಿಲ್ ಕೊಡು. ನನ್ ಹತ್ರ ನೀವು ಬೇರೆ ಕನ್ನಡ ಯಾವತ್ತು ಮಾತಾಡಿದ್ದೀರಿ ಅಪ್ಪ? ಅಷ್ಟೇ ಬರುತ್ತೆ ನನಗೆ."

ಆಮೇಲೆ ಹಿತೇಶನ ಕಡೆ ತಿರುಗಿ, ಹಂಡೆ ಹೊರುವ ಕಾರಿನ ಪ್ಲೇಟು ಕೀಳುವ ಮೊದಲು ಒಂದು ಫೋನು ಮಾಡಿ ಕೇಳಲು ಬಾಯಿಗೇನಾಗಿತ್ತು ಎಂದು ಶುರುಮಾಡಿದಳು. ಅಪ್ಪಟ ಗುಜರಾತಿ. ಹಿತೇಶ ಲೋಟ ಇಟ್ಟು ಕಾರಿನಡಿ ಸೇರಿದ. ಗಟ್ಟಿ ತೆಗೆದು, ಹಳೆಯ ಪ್ಲೇಟು ಸೇರಿಸಿ, ಮೇಲೊಂದು ಹೊಸದನ್ನೂ ಬಿಗಿದ. ದಾಮೋದರನಿಗೆ ಇನ್ನಷ್ಟು ಉರಿಯಿತು: ತಾನು ಗಂಟಲು ಹರಿದುಕೊಂಡರೂ ಕದಲದವನು ಇವಳ ಮಾತಿಗೆ ಎದ್ದನಲ್ಲ!

ಮಾಂಜಲ್‌ಪುರದಲ್ಲಿ ಜನ ಎಲೆ ಮುಂದೆ ಕೂತು ಉಪ್ಪು ನೆಕ್ಕುತ್ತಿದ್ದರು. ಲಿಂಗರಾಜರ ಹೆಂಡತಿ ಪಾರ್ವತಮ್ಮ, ಮಗು ನಡೆಯಲು ಕಲಿಯುವ ಮೊದಲೇ ಸಾಂಬಾರು ಬಂತಲ್ಲ, ಪುಣ್ಯ ಎಂದರು. ದಾಮೋದರ ಹಲ್ಲು ಕಚ್ಚಿ ಬಡಿಸಿದ.

ಮರಳುವಾಗ ಮಗಳೇ ಕಾರು ಓಡಿಸಿದಳು. ಮುಂದೆ ರಸ್ತೆ ಉಬ್ಬು ಕಂಡಿತು.

"ನಿಧಾನ," ಎಂದ ದಾಮೋದರ.

"ನಿಧಾನ ಅಂದ್ರೆ ಧೀಮೇ, ಅಲ್ವಾ? ಅದಕ್ಕೆ ಬೇರೆ ಮೀನಿಂಗ್ ಇಲ್ವಲ್ಲ?"

ನಗು ಬಂದುಬಿಟ್ಟರೆ ಸಿಟ್ಟು ದಂಡವಾದೀತೆಂದು ಅವನು ಕಿಟಕಿಯ ಕಡೆ ತಿರುಗಿ ಕೂತ.