ತಿರುಗಿ ಕೂತ ಚಪ್ಪಡಿ

ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ಇದು ನನ್ನ ಫೋನಿನಲ್ಲಿರುವ ಗ್ರೂಪ್ ಫೋಟೋದ ಸಮಯ. ಫೋಟೋದಲ್ಲಿ ಹದಿನಾಲ್ಕು ಜನ ಕೆರೆಗೆ ಬೆನ್ನು ಮಾಡಿ ನಗುತ್ತಿದ್ದಾರೆ. ಅವತ್ತು ನಮ್ಮ ಜೊತೆ ನಡೆಯಲು ಬಂದಿದ್ದವರು ಹದಿನೈದು ಜನ.

ಹದಿನೈದನೆಯವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಶಿವಾಜಿನಗರದಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿ ಮಗನಿಗೆ ವಹಿಸಿದವರು. ಡಾಕ್ಟರು ನಡೆಯಿರಿ ಅಂದಿದ್ದರಂತೆ, ಎಷ್ಟು ಜೋರಾಗಿ ಅಂತ ಹೇಳಿರಲಿಲ್ಲ. ಪ್ರತಿ ಭಾನುವಾರ ಎಲ್ಲರಿಗಿಂತ ಮುಂದೆ ಹೋಗಿ, ಹಾದಿಯ ಕೊನೆಯ ಟೀ ಅಂಗಡಿಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದರು. ನಾವು ತಲುಪಿದಾಗ ಅವರ ಮಾತು ಒಂದೇ: "ಎಲ್ಲಾ ಸತ್ತೋದ್ರಿ ಅಂದ್ಕೊಂಡೆ."

ನಮ್ಮದು ಸ್ವಯಂಸೇವಕರ ಗುಂಪು. ಹಲಸೂರು ಕೆರೆಯಿಂದ ಕೆ.ಆರ್. ಪುರಂ ಕಡೆಯ ಕೆರೆಗಳವರೆಗೆ ಕೆರೆ ಏರಿ, ರಾಜಕಾಲುವೆ ಪಕ್ಕದ ದಾರಿ, ಬಡಾವಣೆಗಳ ಹಿಂದಿನ ಓಣಿ ಎಲ್ಲ ಜೋಡಿಸಿದ ಕಾಲುಹಾದಿಗಳನ್ನು ನೋಡಿಕೊಳ್ಳುತ್ತೇವೆ. ನೋಡಿಕೊಳ್ಳುವುದೆಂದರೆ ಮುಳ್ಳು ಕಡಿಯುವುದು, ಬಾಟಲಿ ಹೆಕ್ಕುವುದು, ಹಳದಿ ಬಣ್ಣದಲ್ಲಿ ಬಾಣ ಬರೆಯುವುದು. ಭಾನುವಾರ ಯಾವ ಭಾಗದಲ್ಲಿ ನಡಿಗೆಯೋ, ಶನಿವಾರ ಒಬ್ಬರು ಅಲ್ಲಿನ ಬಾಣಗಳನ್ನು ನೋಡಿಬಂದು ಹಾಳೆಯಲ್ಲಿ ಟಿಕ್ ಹಾಕಬೇಕು. ಕೆ.ಆರ್. ಪುರಂ ಭಾಗದಲ್ಲಿ ಇಪ್ಪತ್ತಮೂರು ಬಾಣ. ಅದರ ಹೊಣೆ ನನ್ನದು.

ಬಾಣವನ್ನು ಅಲ್ಲಾಡದ ವಸ್ತುವಿನ ಮೇಲೆ ಮಾತ್ರ ಬರೆಯಬೇಕೆಂಬುದು ನಮ್ಮ ನಿಯಮ. ಇಪ್ಪತ್ತೊಂದನೆಯ ಬಾಣದ ಹತ್ತಿರ ಕಂಬ ಇರಲಿಲ್ಲ. ಗೋಡೆ ಇತ್ತು, ಗೋಡೆಯ ಯಜಮಾನರು ಬಣ್ಣ ಬೇಡ ಅಂದರು. ಮೋರಿಗೆ ಮುಚ್ಚಿದ್ದ ಕಲ್ಲು ಚಪ್ಪಡಿ ಸಿಕ್ಕಿತು. ನಾಲ್ಕು ಜನ ನೂಕಿದರೂ ಅಲ್ಲಾಡದ ಚಪ್ಪಡಿ. ಐದು ಜನ ಬರಬಹುದೆಂದು ನನಗೆ ಹೊಳೆಯಲಿಲ್ಲ.

ಬಂದರು. ಮೋರಿ ಸ್ವಚ್ಛ ಮಾಡುವವರು ಚಪ್ಪಡಿ ಎತ್ತಿ, ಹೂಳು ತೆಗೆದು, ಮತ್ತೆ ಮುಚ್ಚಿ ಹೋದರು. ಚಪ್ಪಡಿಗೆ ಹಿಂದುಮುಂದು ಇರುವುದಿಲ್ಲ, ಹೇಗೆ ಕೂತರೂ ಮೋರಿ ಮುಚ್ಚುತ್ತದೆ. ಎಡಕ್ಕೆ, ಸೇತುವೆಯ ಕಡೆ ತೋರಿಸುತ್ತಿದ್ದ ಬಾಣ ಈಗ ಬಲಕ್ಕೆ, ತಡೆಗೋಡೆ ಇಲ್ಲದ ರಾಜಕಾಲುವೆಯ ಅಂಚಿಗೆ ತೋರಿಸತೊಡಗಿತು.

ಶನಿವಾರ ನಾನು ಹೋಗಿದ್ದೆ. ಬಾಣ ಇದೆಯೇ ಅಂತ ನೋಡಿದೆ. ಇತ್ತು. ಟಿಕ್ ಹಾಕಿದೆ. ಎತ್ತ ತೋರಿಸುತ್ತಿದೆ ಎಂದು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. ಆ ಹಾಳೆ ಮಾಡಿದವಳೂ ನಾನೇ.

ರಾತ್ರಿ ಮಳೆ ಬಂದಿತ್ತು. ಆ ಭಾಗದಲ್ಲಿ ಚಾಚಾ ನಡೆದದ್ದು ಅದೇ ಮೊದಲು. ಫೋಟೋ ತೆಗೆದು ನಾವು ಚಪ್ಪಡಿಯ ಹತ್ತಿರ ಬರುವಷ್ಟರಲ್ಲಿ ಬಲಗಡೆಯಿಂದ ಒಬ್ಬ ಹೆಂಗಸು ಕೂಗುವುದು ಕೇಳಿತು. ಓಡಿದೆ. ಅಂಚಿನ ಮಣ್ಣು ಕುಸಿದು ಚಾಚಾ ಕಾಲುವೆಗೆ ಬಿದ್ದಿದ್ದರು. ಕಪ್ಪು ನೀರು ಎದೆಯವರೆಗೆ ಬಂದು ಎಳೆಯುತ್ತಿತ್ತು. ಅಡ್ಡ ಹಾಯ್ದಿದ್ದ ಒಂದು ಪೈಪನ್ನು ತಬ್ಬಿಕೊಂಡಿದ್ದರು. ನಾನು ಕಿರುಚಿದೆ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಕೂಗಿದ ಹೆಂಗಸು ಕಲಬುರಗಿ ಕಡೆಯವಳು, ಕಟ್ಟಡ ಕೆಲಸಕ್ಕೆ ಬಂದು ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದಳು. ಬಾಗಿಲಲ್ಲಿ ಕೌದಿ ಒಗೆಯುತ್ತಿದ್ದಳು. ಆ ಒದ್ದೆ ಕೌದಿಯನ್ನೇ ಎಳೆದುಕೊಂಡು ಬಂದಳು.

"ಅಕ್ಕಾ, ಚೀರಬ್ಯಾಡ್ರಿ. ಈ ತುದಿ ಹಿಡೀರಿ," ಎಂದು ನನಗೆ ಹೇಳಿ ಇನ್ನೊಂದು ತುದಿಯನ್ನು ಕೆಳಗೆಸೆದಳು. "ಅಜ್ಜಾ, ಕೈಗೆ ಸುತ್ಕೋ! ಸುತ್ಕೋ ಅಂದೆ, ಹಿಡ್ಕೋ ಅನ್ಲಿಲ್ಲ!"

ಚಾಚಾ ಬಟ್ಟೆ ವ್ಯಾಪಾರಿ. ಆ ಸ್ಥಿತಿಯಲ್ಲೂ ಕೌದಿಯನ್ನು ನೋಡಿ, "ಹಳೇ ಬಟ್ಟೆ, ತಡೆಯಲ್ಲಮ್ಮಾ," ಅಂದರು.

"ನಮ್ಮವ್ವ ಹೊಲಿದದ್ದು ಅದು. ನೀ ಸುಮ್ನ ಸುತ್ಕೋ!"

ಅಷ್ಟರಲ್ಲಿ ಉಳಿದವರೂ ಬಂದು ಕೈ ಹಾಕಿದರು. ಒಂದು ಸಲ ಚಾಚಾರ ಕೈ ಅರ್ಧ ಜಾರಿತು. ಆಮೇಲೆ ಮೇಲೆ ಬಂದರು. ಕೌದಿ ಹರಿಯಲಿಲ್ಲ. ಚಾಚಾ ನೆಲದ ಮೇಲೆ ಕೂತು ಬಹಳ ಹೊತ್ತು ಕೆಮ್ಮಿದರು.

ಹೆಂಗಸು ನನ್ನ ಕಡೆ ತಿರುಗಿದಳು. "ಆ ಬಾಣ ಯಾರು ಬರದಾರ್ರಿ ಇಲ್ಲಿ?"

"ನಮ್ಮ ಗುಂಪಿನವರು," ಅಂದೆ. ಗುಂಪಿನಲ್ಲಿ ನಾನೂ ಇದ್ದುದರಿಂದ ಅದು ಸುಳ್ಳಲ್ಲ.

ಚಾಚಾ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು, "ಚಪ್ಪಡಿ ತಿರುಗಿಸಿದವರ ಮೇಲೆ ಕಂಪ್ಲೇಂಟ್ ಕೊಡಬೇಕು" ಎಂದು ಬರೆದರು. ನಾನೂ ಅದಕ್ಕೆ ಹೆಬ್ಬೆರಳಿನ ಇಮೋಜಿ ಒತ್ತಿದೆ. ಟಿಕ್ ಹಾಕಿದ ಹಾಳೆ ಕಮ್ಮನಹಳ್ಳಿಯ ನನ್ನ ಮನೆಯಲ್ಲಿ, ಫ್ರಿಜ್ಜಿನ ಮೇಲಿತ್ತು. ಯಾರೂ ಕೇಳಲಿಲ್ಲ.

ಅವತ್ತಿನಿಂದ ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೇ ಎಚ್ಚರವಾಗುತ್ತಿತ್ತು. ಕನಸಿನಲ್ಲಿ ಚಾಚಾ ಬೀಳುತ್ತಿರಲಿಲ್ಲ, ನೀರೂ ಇರುತ್ತಿರಲಿಲ್ಲ. ನಾನು ಟಿಕ್ ಹಾಕುತ್ತಿದ್ದೆ, ಅಷ್ಟೇ.

ಮೂರು ವಾರವಾದ ಮೇಲೆ ಕಿತ್ತಳೆ ಹಣ್ಣು ತೆಗೆದುಕೊಂಡು ಹಾಳೆಯ ಸಮೇತ ಅವರ ಮನೆಗೆ ಹೋದೆ.

"ಚಾಚಾ, ಆ ಬಾಣ ಬರೆದಿದ್ದು ನಾನೇ. ಹಿಂದಿನ ದಿನ ಚೆಕ್ ಮಾಡಿದ್ದೂ ನಾನೇ."

ಅವರು ಹಾಳೆಯನ್ನು ದೂರ ಹಿಡಿದು ನೋಡಿದರು. "ಟಿಕ್ ಹಾಕಿದ್ದೀಯಲ್ಲ. ಹೋಗಿರ್ಲಿಲ್ವಾ?"

"ಹೋಗಿದ್ದೆ. ಬಾಣ ಇದೆ ಅಂತ ನೋಡ್ದೆ. ಯಾವ ಕಡೆಗೆ ಅಂತ ನೋಡ್ಲಿಲ್ಲ."

ಒಂದು ಕಿತ್ತಳೆ ತೆಗೆದು ಪೂರ್ತಿ ಸುಲಿದರು.

"ನಲವತ್ತು ವರ್ಷ ಗಜದ ಕೋಲು ಹಿಡಿದಿದ್ದೀನಿ ಬೇಟಾ. ಉಲ್ಟಾ ಹಿಡಿದ್ರೂ ಗಜ ಗಜಾನೇ. ನಿಮ್ಮ ಬಾಣ ಹಂಗಲ್ಲ, ಅಲ್ವಾ?"

"ಅಲ್ಲ ಚಾಚಾ."

"ನಮ್ಮ ಮನೆಯವಳಿಗೆ ಹೇಳ್ಬೇಡ," ಅಂದರು. ಸ್ವಲ್ಪ ಯೋಚಿಸಿದರು. "ಇಲ್ಲ, ಹೇಳು. ದಾರಿ ನೋಡದೆ ಹೋಗಿ ಬಿದ್ದೆ ಅಂತ ಮೂರು ವಾರದಿಂದ ಬಯ್ತಿದ್ದಾಳೆ. ಈಗ್ಲೇ ಹೇಳು."

ಹೇಳಿದೆ. ಚಾಚಿ ನನಗೆ ಟೀ ಕೊಟ್ಟರು. ಇವತ್ತಿಗೂ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ.

"ಶನಿವಾರ ನಾನೂ ಬರ್ತೀನಿ," ಅಂದರು ಚಾಚಾ. "ಎಲ್ಲಾ ಬಾಣ ತೋರ್ಸು."

ಶನಿವಾರ ಬಂದರು. ಒಂದೊಂದು ಬಾಣದ ಹತ್ತಿರವೂ ನಿಂತು, ಅದು ತೋರಿಸಿದ ಕಡೆ ನನ್ನನ್ನು ಹತ್ತು ಹೆಜ್ಜೆ ನಡೆಸಿದರು. ಹಿಂದಿನಿಂದ ಕೂಗಿ ಕೇಳುತ್ತಿದ್ದರು. "ಬಿದ್ಯಾ?"

"ಇಲ್ಲ ಚಾಚಾ."

"ಹಾಂ, ಹಾಕು ಟಿಕ್."

ಇಪ್ಪತ್ತಮೂರು ಸಲ. ಚಪ್ಪಡಿಯ ಬಣ್ಣವನ್ನು ತಂತಿಬ್ರಶ್‌ನಿಂದ ಉಜ್ಜಿ ತೆಗೆದಿದ್ದೆವು, ಪಕ್ಕದಲ್ಲಿ ಕಲ್ಲುಕಂಬ ಹೂತು ಅದರ ಮೇಲೆ ಬಾಣ ಬರೆದಿದ್ದೆವು. ಕೌದಿಯ ಹೆಂಗಸು ಬಂದು ಕಂಬವನ್ನು ಕಾಲಿನಿಂದ ಎರಡು ಸಲ ಒದ್ದು ನೋಡಿದಳು. "ಈ ಬಾಣಾನೂ ಗುಂಪಿನವ್ರೇ ಬರದಾರೇನ್ರಿ?"

"ನಾನು ಬರೆದಿದ್ದು," ಅಂದೆ. "ಹಳೇದೂ ನಾನೇ."

"ಗೊತ್ತದ ಬಿಡ್ರಿ," ಅಂದಳು. "ಅವತ್ತು ನಿಮ್ಮ ಮಾರಿ ನೋಡಿದ್ನಲ್ಲ."

ಮರುದಿನ ಭಾನುವಾರದ ನಡಿಗೆ ಆರು ಗಂಟೆಗೆ. ಫೋನ್ ಬಡಿದುಕೊಂಡಾಗ ಆರೂ ನಲವತ್ತಾಗಿತ್ತು, ಕಿಟಕಿಯಿಂದ ಬಿಸಿಲು ಮುಖಕ್ಕೆ ಬಿದ್ದಿತ್ತು.

"ಎಲ್ಲಿದ್ದೀಯಾ? ಎಲ್ರೂ ನಿಂತಿದ್ದೀವಿ ಇಲ್ಲಿ," ಅಂದರು ಚಾಚಾ. "ಸತ್ತೋದೆ ಅಂದ್ಕೊಂಡೆ."

"ಇಲ್ಲ ಚಾಚಾ. ಮಲಗಿದ್ದೆ."